ಚರ್ಮಸಂಕೇತ ಮೀಮಾಂಸೆ

ಚರ್ಮವು ದೇಹದ ಅಂಗವೆಂಬುದು ವೈದ್ಯರಲ್ಲಿ ಬೇರೂರಿದ ಭ್ರಮೆ. ಅದು ಬಿಲ್ಲಿನ ಅಂಗವೆಂದು ಈ ಪ್ರಬಂಧ ಸಾಧಿಸುತ್ತದೆ. ಮೊದಲ ಪ್ರಮಾಣ ಅಮೆರಿಕದ್ದು. ಸಕ್ಕರೆ ಕಾಯಿಲೆಯವರ ಮಾಯದ ಹುಣ್ಣಿಗೆ ಹೊದಿಸುವ ಬದಲಿ ಚರ್ಮಗಳಲ್ಲಿ ಅಪ್ಲಿಗ್ರಾಫ್ ಅಲ್ಲಿನ ಮೆಡಿಕೇರ್ ವಿಮೆಗೆ ಕ್ಯೂ4101, ಡರ್ಮಾಗ್ರಾಫ್ಟ್ ಕ್ಯೂ4106. ಯಾವ ಗೋತ್ರಕ್ಕೂ ಸೇರದ್ದು ಕ್ಯೂ4100. ಬ್ರಾಂಡಿಗೊಂದು ಕೋಡ್, 2025ರವರೆಗೆ ಕೋಡಿಗೊಂದು ದರ, ದರಕ್ಕೆ ಚದರ ಸೆಂಟಿಮೀಟರಿನ ಲೆಕ್ಕ. ಹೀಗಾಗಿ 2019ರಲ್ಲಿ ಸುಮಾರು 25.6 ಕೋಟಿ ಡಾಲರ್ ಇದ್ದ ಖರ್ಚು 2024ರಲ್ಲಿ 1,000 ಕೋಟಿ ದಾಟಿತು. ಐದು ವರ್ಷದಲ್ಲಿ ಒಂದು ದೇಶದ ಹುಣ್ಣು 40 ಪಟ್ಟು ಹಿಗ್ಗಲಾರದು. ಆದ್ದರಿಂದ ಹಿಗ್ಗಿದ್ದು ದರಪಟ್ಟಿಯೇ. 2026ರ ಜನವರಿಯಿಂದ ಬಹುಪಾಲು ಸರಕಿಗೆ ಚದರ ಸೆಂಟಿಮೀಟರಿಗೆ ಸುಮಾರು 127 ಡಾಲರಿನ ಏಕದರ ಬಂದಿದೆ. ಆ ಲೆಕ್ಕದಲ್ಲೂ ಒಂದು ಗುಂಟೆ ಚರ್ಮಕ್ಕೆ 12 ಕೋಟಿ ಡಾಲರ್ ಮೀರುತ್ತದೆ. ಚನ್ನಗಿರಿಯ ಅಡಿಕೆ ತೋಟಗಳು ನಾಚಿಕೊಳ್ಳಲಿ.

ಇದು ಅಮೆರಿಕದ ರೋಗ, ಜಗಳೂರಿಗೇನು ಸಂಬಂಧ ಎಂಬುದು ಪೂರ್ವಪಕ್ಷ. ಸಂಬಂಧವಿದೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ 2018ರಲ್ಲೇ 1,650 ಚಿಕಿತ್ಸೆಗಳನ್ನು ವರ್ಗಗಳಾಗಿ ವಿಂಗಡಿಸಿತು. ದೊಡ್ಡ ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕು. ತುರ್ತು ಚಿಕಿತ್ಸೆಗಳ 4ಎ ವರ್ಗಕ್ಕೆ ಬೇಡ. ಎಂದರೆ ಗಾಯದ ಆಳಕ್ಕಿಂತ ಮೊದಲು ಅದರ ವರ್ಗ ತಿಳಿಯಬೇಕು. ಇಲ್ಲಿ ಪ್ಯಾಕೇಜ್ ದರ ಮೊದಲೇ ನಿಗದಿಯಾಗಿರುವುದರಿಂದ ಬಿಲ್ ಹಿಗ್ಗದಲ್ಲ ಎನ್ನುವವರಿದ್ದಾರೆ. ನಿಜ. ಅಲ್ಲಿ ಕೋಡಿಗೆ ತಕ್ಕಂತೆ ಚರ್ಮ ಹಿಗ್ಗಬೇಕು, ಇಲ್ಲಿ ಪ್ಯಾಕೇಜಿಗೆ ತಕ್ಕಂತೆ ಗಾಯ ಕುಗ್ಗಬೇಕು. ಎರಡು ಕಡೆಯೂ ವಿಧೇಯವಾಗಿರಬೇಕಾದದ್ದು ದೇಹವೇ.

ಕೋಡ್ ಕೊಟ್ಟ ಮಾತ್ರಕ್ಕೆ ಕಸಿ ಚರ್ಮ ಹತ್ತೀತೆ, ರಕ್ತನಾಳ ಕೂಡಬೇಡವೆ ಎಂಬುದು ಕೊನೆಯ ಆಕ್ಷೇಪ. ದಾವಣಗೆರೆ ಜಿಲ್ಲೆಯೇ ಇದಕ್ಕೆ ಉತ್ತರ. 1997ರಲ್ಲಿ ಚನ್ನಗಿರಿ, ಹೊನ್ನಾಳಿಗಳನ್ನು ಶಿವಮೊಗ್ಗದಿಂದ, ಜಗಳೂರನ್ನು ಚಿತ್ರದುರ್ಗದಿಂದ ಸುಲಿದು ತಂದು ಹೊಲಿದರು; ಕೆಎ-17 ಎಂಬ ಕೋಡಿನಡಿ ಎಲ್ಲವೂ ಹತ್ತಿಕೊಂಡವು. ನ್ಯಾಮತಿಯಂತೂ ಹೊನ್ನಾಳಿಯ ಮೈಯಿಂದಲೇ ತೆಗೆದು ಪಕ್ಕದಲ್ಲೇ ಅಂಟಿಸಿದ ಸ್ವಚರ್ಮ. ದೇಹ ತಕರಾರು ತೆಗೆಯಲಿಲ್ಲ. ಬಳ್ಳಾರಿಯಿಂದ ತಂದ ಹರಪನಹಳ್ಳಿ 2018ರಲ್ಲಿ ಕಿತ್ತುಕೊಂಡು ಹೋಯಿತಲ್ಲ ಎಂದರೆ, ಸಿದ್ಧಾಂತಕ್ಕೆ ಅದಕ್ಕಿಂತ ಬಲವಾದ ಪುರಾವೆ ಇಲ್ಲ: ಅದು ಹೋದದ್ದು ರಕ್ತನಾಳ ಕೂಡದೆ ಅಲ್ಲ, ಸಂವಿಧಾನದ 371(ಜೆ) ಎಂಬ ಹೆಚ್ಚು ಸವಲತ್ತಿನ ಕೋಡ್ ಅರಸಿ. ಆದ್ದರಿಂದ ಹಾಗೆ ಅಂಟಿಕೊಂಡುಳಿದ ನಾಲ್ಕೂ ತಾಲ್ಲೂಕಿನ ನಾಗರಿಕರು ಗಾಯಗೊಳ್ಳುವ ಮುನ್ನ ದರಪಟ್ಟಿ ಓದಿಕೊಳ್ಳತಕ್ಕದ್ದು. ಓದಲು ಪುರುಸೊತ್ತಿಲ್ಲದವರು 4ಎ ವರ್ಗದಲ್ಲೇ ಗಾಯಗೊಳ್ಳತಕ್ಕದ್ದು.