ಅಳತೆಗೆ ನಿಂತ ಮನುಷ್ಯ

ಕುಕ್ಕರಿನ ಗ್ಯಾಸ್ಕೆಟ್ ತರಲು ಹೋದವನು ಅಂಗಡಿಯವನ ಮುಂದೆ ತಬ್ಬಿಬ್ಬಾಗಿ ನಿಂತೆ. ‘ಎಷ್ಟು ಲೀಟರಿಂದು ಸಾರ್, ಮೂರೋ ಐದೋ?’ ಎಂದು ಕೇಳಿದ. ಇಪ್ಪತ್ತು ವರ್ಷ ಆ ಕುಕ್ಕರಿನ ಅನ್ನ ಉಂಡವನಿಗೆ ಅದರ ಅಳತೆ ಗೊತ್ತಿರಲಿಲ್ಲ. ಜಪಾನಿನ ಯಮಾಟೊ ಯುದ್ಧನೌಕೆಯ ತೋಪಿನ ಬಾಯಿ ಎಷ್ಟಗಲ ಎಂದು ಕೇಳಿದ್ದರೆ ನಿದ್ದೆಗಣ್ಣಿನಲ್ಲೂ ಹೇಳುತ್ತಿದ್ದೆ: 46 ಸೆಂಟಿಮೀಟರ್. ಒಂದು ಗುಂಡಿನ ತೂಕ ಹತ್ತಿರ ಹತ್ತಿರ ಒಂದೂವರೆ ಟನ್. ಹೋಗುವ ದೂರ 42 ಕಿಲೋಮೀಟರ್. ಅಂದರೆ ವಿಧಾನಸೌಧದ ಮುಂದೆ ಹಾರಿಸಿದರೆ ಬಿಡದಿಯ ತಟ್ಟೆ ಇಡ್ಲಿ ಹೋಟೆಲುಗಳ ನೆತ್ತಿಯ ಮೇಲೆ ಹಾದು ಆಚೆ ಬಿದ್ದೀತು. ಅಂಗಡಿಯವನು ಇದೊಂದನ್ನೂ ಕೇಳಲಿಲ್ಲ. ಮನೆಗೆ ಫೋನ್ ಮಾಡಿ ವಿಚಾರಿಸುವ ಧೈರ್ಯ ನನಗಿರಲಿಲ್ಲ. ‘ಐದರದ್ದೇ ಕೊಡಿ’ ಎಂದೆ.

ಧೈರ್ಯದ ಮಾತು ಬಂದದ್ದರಿಂದ ಒಪ್ಪಿಕೊಂಡುಬಿಡುತ್ತೇನೆ. ದೀಪಾವಳಿಯಲ್ಲಿ ನಾನು ಸುರುಸುರು ಬತ್ತಿಯಿಂದ ಮೇಲೇರಿದವನಲ್ಲ. ಬಸ್ಸಿನ ಕಂಡಕ್ಟರು ಟಿಕೆಟ್ಟಿನ ಹಿಂದೆ ಬರೆದುಕೊಟ್ಟ ಚಿಲ್ಲರೆಯನ್ನು ಕೇಳಬೇಕಾದರೆ ಎರಡು ಸ್ಟಾಪಿನಿಂದಲೇ ಗಂಟಲು ಸರಿಮಾಡಿಕೊಳ್ಳುತ್ತೇನೆ. ಇಂಥವನ ಬೀರುವಿನ ತುಂಬ ಟ್ಯಾಂಕು, ತೋಪು, ಟಾರ್ಪೆಡೋಗಳ ಚಿತ್ರದ ಪುಸ್ತಕಗಳು. ಹೆಚ್ಚಿನವು ಅವೆನ್ಯೂ ರಸ್ತೆಯ ಫುಟ್‌ಪಾತಿನವು. ಅಲ್ಲಿನವರು ಇವನ್ನು ‘ಮಿಲಿಟ್ರಿ ಬುಕ್’ ಅನ್ನುತ್ತಾರೆ. ಮಿಲಿಟ್ರಿ ಅಂದರೆ ನಮ್ಮ ಅಜ್ಜಿಗೆ ಗೊತ್ತಿದ್ದದ್ದು ಹೋಟೆಲು ಒಂದೇ. ಹಾಗಾಗಿ ಆ ಪುಸ್ತಕಗಳನ್ನು ಅವಳು ಬದುಕಿರುವವರೆಗೂ ದೇವರ ಕೋಣೆಯ ಗೋಡೆಗೆ ತಾಗಿಸಿ ಇಡಗೊಡಲಿಲ್ಲ.

ಈ ಪುಸ್ತಕಗಳ ಹುಟ್ಟೂ ಒಂದು ತಮಾಷೆ. ಹುಚ್ಚಿರುವವರೆಲ್ಲ ಕೊಳ್ಳುವ ಆಸ್ಪ್ರೇ ಪ್ರಕಾಶನದ ಮೂಲ ಇರುವುದು ಚಹಾ ಪೊಟ್ಟಣದಲ್ಲಿ. ಇಂಗ್ಲೆಂಡಿನಲ್ಲಿ ಬ್ರೂಕ್ ಬಾಂಡ್ ಚಹಾದ ಜೊತೆ ಬಣ್ಣದ ಚಿತ್ರದ ಕಾರ್ಡು ಬರುತ್ತಿದ್ದವು. ವಿಮಾನದ ಚಿತ್ರಗಳಿಗೆ ಮುಗಿಬೀಳುವ ಜನರನ್ನು ಕಂಡು, ಆ ಕಂಪನಿಗೇ ಸೇರಿದ ಮುದ್ರಣಾಲಯ 1960ರ ದಶಕದ ಕೊನೆಯಲ್ಲಿ ಪುಸ್ತಕಕ್ಕೆ ಕೈಹಾಕಿತು. ಆಮೇಲೆ ಬಂದ ಸೈನಿಕರ ಮಾಲೆಯಲ್ಲಿ 48 ಪುಟ, ನಡುವೆ ಎಂಟು ಪುಟ ಬಣ್ಣದ ಚಿತ್ರ. ಯಾವ ದಳದವನ ಕೋಟಿಗೆ ಎಷ್ಟು ಗುಂಡಿ, ಯಾವ ಬಣ್ಣದ ಪಟ್ಟಿ, ಎಲ್ಲದಕ್ಕೂ ಲೆಕ್ಕ. ನಮ್ಮಲ್ಲಿ ಚಹಾದ ಜೊತೆ ಬಂದ ಉಚಿತ ವಸ್ತು ಅಂದರೆ ಪ್ಲಾಸ್ಟಿಕ್ ಡಬ್ಬಿ. ಇತಿಹಾಸ ಬರಲಿಲ್ಲ.

ಹಡಗುಗಳ ಹುಚ್ಚಿಗೆ ಮೂಲಪುರುಷ ಫ್ರೆಡ್ ಜೇನ್. ಪಾದ್ರಿಯ ಮಗ, ಪತ್ರಿಕೆಗಳಿಗೆ ಚಿತ್ರ ಬರೆದು ಹೊಟ್ಟೆ ಹೊರೆಯುತ್ತಿದ್ದವನು. ಹುಡುಗನಾಗಿದ್ದಾಗಿನಿಂದ ಹಡಗಿನ ಚಿತ್ರ ಗೀಚಿ ಗೀಚಿ 1898ರಲ್ಲಿ ಲೋಕದ ಯುದ್ಧನೌಕೆಗಳನ್ನೆಲ್ಲ ಒಂದು ಪುಸ್ತಕದಲ್ಲಿ ತಂದ. ಹೊಗೆಕೊಳವೆ ಎಷ್ಟು, ಕೂವೆಮರ ಎಲ್ಲಿ ಎಂದು ನೋಡಿ ದೂರದ ಹಡಗು ಯಾರದೆಂದು ಹೇಳುವ ವಿದ್ಯೆ ಅದರಲ್ಲಿತ್ತು. ಆ ವಿದ್ಯೆಯಲ್ಲಿ ನಾನೂ ಪಳಗಿದ್ದೇನೆ. ನಮ್ಮ ಬೀದಿಯ ಕೊನೆಯಲ್ಲಿ ಬರುತ್ತಿರುವವರು ಸಾಲ ಕೊಟ್ಟವರೋ ಅಲ್ಲವೋ ಎಂದು ಕಣ್ಣು ಕಿರಿದು ಮಾಡಿ ಹೇಳಬಲ್ಲೆ.

ಗೆದ್ದ ಹಡಗಿಗಿಂತ ಮುಳುಗಿದ ಹಡಗಿನ ಪುಟಗಳೇ ನನಗೆ ಇಷ್ಟ. ಸ್ವೀಡನ್ನಿನ ವಾಸಾ ಹಡಗನ್ನು ನೋಡಿ. 64 ತೋಪು, ಮೈತುಂಬ ಕೆತ್ತನೆ. ಹೊರಡುವ ಮೊದಲು ಪರೀಕ್ಷೆಗೆಂದು ಮೂವತ್ತು ಜನರನ್ನು ಅಟ್ಟದ ಮೇಲೆ ಆ ಕಡೆಯಿಂದ ಈ ಕಡೆಗೆ ಓಡಿಸಿದರು. ಮೂರು ಸಲ ಓಡುವುದರೊಳಗೆ ಹಡಗು ಮಗುಚುವ ಹಾಗೆ ವಾಲಿತು. ಪರೀಕ್ಷೆಯನ್ನು ನಿಲ್ಲಿಸಿದರು, ಹಡಗನ್ನು ನಿಲ್ಲಿಸಲಿಲ್ಲ! 1628ರ ಆಗಸ್ಟ್ 10ರಂದು ಜನರೆಲ್ಲ ದಡದಲ್ಲಿ ನಿಂತು ನೋಡುತ್ತಿರುವಾಗ ಅದು ಹೊರಟು, ಒಂದೂವರೆ ಕಿಲೋಮೀಟರೂ ಹೋಗದೆ, ಒಂದು ಗಾಳಿಗೆ ವಾಲಿ ಮುಳುಗಿತು. ವಿಚಾರಣೆ ನಡೆಯಿತು, ಯಾರಿಗೂ ಶಿಕ್ಷೆಯಾಗಲಿಲ್ಲ. ಇದನ್ನು ಓದಿದಾಗ ಸ್ವೀಡನ್ ಅಷ್ಟೇನೂ ದೂರದ ದೇಶ ಅನ್ನಿಸಲಿಲ್ಲ.

ಹೀಗೆ ಮುಳುಗುತ್ತಾ ತೇಲುತ್ತಾ ಇದ್ದವನನ್ನು ದಡಕ್ಕೆಳೆದವರು ನಮ್ಮ ಸೋದರಮಾವ. ಸೈನ್ಯದಲ್ಲಿ ರೇಷನ್ ಪೂರೈಸುವ ವಿಭಾಗದಲ್ಲಿ ಹವಾಲ್ದಾರರಾಗಿ ನಿವೃತ್ತರಾದವರು. ಒಂದು ಭಾನುವಾರ ಊಟಕ್ಕೆ ಬಂದಾಗ ಯಮಾಟೊ ಹಡಗಿನ ಎರಡು ಪುಟದ ಸೀಳುಚಿತ್ರವನ್ನು ಹೆಮ್ಮೆಯಿಂದ ಬಿಡಿಸಿ ತೋರಿಸಿದೆ. ಹಲಸಿನ ಹಣ್ಣು ಕೊಯ್ದಿಟ್ಟ ಹಾಗೆ ಒಳಗಿನದೆಲ್ಲ ಕಾಣುತ್ತದೆ: ಬಾಯ್ಲರು, ಮದ್ದಿನ ಕೋಣೆ, ಗುಂಡು ಮೇಲೇರಿಸುವ ಯಂತ್ರ. ಮಾವ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು.

‘ಅಡುಗೆಮನೆ ಎಲ್ಲಿದೆಯೋ ಇದರಲ್ಲಿ?’

ನಾನು ಹುಡುಕಿದೆ. ನೂರಾರು ಭಾಗಗಳಿಗೆ ನಂಬರು ಕೊಟ್ಟಿದ್ದರು. ಅಡುಗೆಮನೆಗೆ ಕೊಟ್ಟಿರಲಿಲ್ಲ.

‘ಎಷ್ಟು ಜನ ಇದ್ದರು ಅಂದೆ?’

‘ಕೊನೇ ಸಲ ಹೊರಟಾಗ ಮೂರು ಸಾವಿರದ ಮೇಲೆ, ಮಾವ.’

‘ಅಷ್ಟು ಜನಕ್ಕೆ ದಿನಕ್ಕೆ ಎಷ್ಟು ಅಕ್ಕಿ ಬೇಕು ಗೊತ್ತೇನೋ?’ ಎಂದು ಕೇಳಿ, ಬೆರಳಲ್ಲೇ ಲೆಕ್ಕ ಹಾಕಿ, ಪುಸ್ತಕ ಮುಚ್ಚಿ ಕೈತೊಳೆಯಲು ಹೋದರು.

ಟ್ರಕ್ ದ್ವೀಪದ ಬಂದರಿನಲ್ಲಿ ಯುದ್ಧಕ್ಕೆ ಹೋಗದೆ ಸುಖವಾಗಿ ಲಂಗರು ಹಾಕಿಕೊಂಡಿದ್ದಾಗ ಬೇರೆ ಹಡಗಿನವರು ಅದನ್ನು ‘ಯಮಾಟೊ ಹೋಟೆಲ್’ ಎಂದು ಅಣಕಿಸುತ್ತಿದ್ದರಂತೆ. ಅಂದರೆ ಅದೂ ಒಂದು ಮಿಲಿಟ್ರಿ ಹೋಟೆಲೇ. ಈ ಜೋಕು ಮಾವನಿಗೆ ಹೇಳಬೇಕೆಂದಿದ್ದೆ, ಹೇಳಲಾಗಲಿಲ್ಲ. ಅವರು ಕೈತೊಳೆದು ಬರುವಷ್ಟರಲ್ಲಿ ನಾನು ಮತ್ತೆ ಆ ಚಿತ್ರ ಬಿಡಿಸಿ ಮನುಷ್ಯರನ್ನು ಹುಡುಕುತ್ತಿದ್ದೆ. ಇಡೀ ಎರಡು ಪುಟದಲ್ಲಿ ಇದ್ದವನು ಒಬ್ಬ. ತೋಪಿನ ಪಕ್ಕ ಕಪ್ಪು ನೆರಳಿನಂತೆ ನಿಂತಿದ್ದ. ಮುಖವಿಲ್ಲ, ಹೆಸರಿಲ್ಲ. ತೋಪು ಎಷ್ಟು ದೊಡ್ಡದು ಎಂದು ಓದುಗನಿಗೆ ತಿಳಿಯಲೆಂದು ಅಳತೆಗೋಲಾಗಿ ನಿಂತವನು. 1945ರ ಏಪ್ರಿಲ್ 7ರಂದು ವಿಮಾನಗಳ ಬಾಂಬಿಗೆ, ಟಾರ್ಪೆಡೋಗಳಿಗೆ ಹಡಗು ಮುಳುಗಿದಾಗ ಸತ್ತ ಮೂರು ಸಾವಿರದಷ್ಟು ಜನರ ಪರವಾಗಿ ಆ ಪುಸ್ತಕದಲ್ಲಿ ಅವನೊಬ್ಬನೇ.

ಅಂದಿನಿಂದ ಯಾವ ಪುಸ್ತಕ ತೆಗೆದರೂ ಅವನೇ ಮೊದಲು ಕಣ್ಣಿಗೆ ಬೀಳುತ್ತಾನೆ. ಟ್ಯಾಂಕಿನ ಪಕ್ಕ ನಿಂತಿರುತ್ತಾನೆ, ಕ್ಷಿಪಣಿಯ ಬುಡದಲ್ಲಿ ನಿಂತಿರುತ್ತಾನೆ.

ಯುದ್ಧದ ಚಿತ್ರ ಬರೆದವರೆಲ್ಲ ಹೀಗೇ ಬರೆದರೆಂದಲ್ಲ. ಶ್ರೀರಂಗಪಟ್ಟಣದ ದರಿಯಾ ದೌಲತ್ ಗೋಡೆಯ ಮೇಲೆ 1780ರ ಪೊಲ್ಲಿಲೂರು ಕದನದ ಚಿತ್ರವಿದೆ. ಕುದುರೆ ದಂಡಿನ ನಡುವೆ ಚೌಕಾಕಾರವಾಗಿ ಕಟ್ಟಿದ ಇಂಗ್ಲಿಷರ ವ್ಯೂಹ, ಸಿಡಿಯುತ್ತಿರುವ ಮದ್ದಿನ ಗಾಡಿ, ಎಲ್ಲ ಇವೆ. ಆದರೆ ನೋಡಿದವರಿಗೆ ನೆನಪುಳಿಯುವುದು ಪಲ್ಲಕ್ಕಿಯಲ್ಲಿ ಕೂತು ಬೆರಳು ಕಚ್ಚಿಕೊಳ್ಳುತ್ತಿರುವ ಇಂಗ್ಲಿಷರ ನಾಯಕ ಕರ್ನಲ್ ಬೇಲಿ. ಟಿಪ್ಪು ಸತ್ತ ಮೇಲೆ ಆ ಮಹಲಿನಲ್ಲಿ ಬಿಡಾರ ಮಾಡಿದ ಆರ್ಥರ್ ವೆಲ್ಲೆಸ್ಲಿ ತನ್ನ ಕಡೆಯವರೇ ಸೋತ ಆ ಚಿತ್ರವನ್ನು ಸರಿಪಡಿಸಿ ಉಳಿಸಿದ. ಅವನಿಗೂ ನನ್ನಂತೆ ಚಿತ್ರದ ಹುಚ್ಚಿದ್ದಿರಬೇಕು.

ಇನ್ನೂ ಹಿಂದಕ್ಕೆ ಹೋದರೆ ನಮ್ಮ ವೀರಗಲ್ಲುಗಳು. ಕೆಳಗಿನಿಂದ ಮೇಲಕ್ಕೆ ಓದಬೇಕಾದ ಸಚಿತ್ರ ಪುಟಗಳು: ಕೆಳಗೆ ಕಾದಾಟ, ನಡುವೆ ಅಪ್ಸರೆಯರು, ಮೇಲೆ ಕೈಲಾಸ. ಮದ್ದೂರು ತಾಲೂಕಿನ ಆತಕೂರಿನ ಕಲ್ಲು ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಮ್ಯೂಸಿಯಮ್ಮಿನಲ್ಲಿದೆ. 949ರ ತಕ್ಕೋಲದ ಯುದ್ಧ, ರಾಷ್ಟ್ರಕೂಟ ಮೂರನೆಯ ಕೃಷ್ಣ, ಗಂಗರ ಬೂತುಗ, ಸತ್ತ ಚೋಳ ರಾಜಾದಿತ್ಯ, ಎಲ್ಲರೂ ಅಕ್ಷರದಲ್ಲಿ ಬರುತ್ತಾರೆ. ಚಿತ್ರದಲ್ಲಿರುವುದು ಮಾತ್ರ ಒಂದು ಹಂದಿ ಮತ್ತು ಒಂದು ನಾಯಿ. ಮಣಲರ ಎಂಬ ವೀರ ಬಹುಮಾನವಾಗಿ ಕೇಳಿ ಪಡೆದ ಬೇಟೆನಾಯಿ ಅದು. ಹಂದಿಯೊಡನೆ ಕಾದಿ, ಅದನ್ನು ಕೊಂದು, ತಾನೂ ಸತ್ತಿತು. ಅದರ ಹೆಸರು ಕಾಳಿ. ಆ ಕಲ್ಲಿಗೆ ಪೂಜೆ ಮಾಡದೆ ಪೂಜಾರಿ ಉಣ್ಣಕೂಡದು ಎಂಬ ಕಟ್ಟಳೆಯೂ ಅದರಲ್ಲಿದೆ. ಸಾವಿರ ವರ್ಷದ ಮೇಲೂ ನಾಯಿಗೊಂದು ಹೆಸರಿದೆ, ಅದರ ಕಲ್ಲಿನ ಮುಂದೆ ಊಟದ ಮಾತೂ ಇದೆ. ಮಾವ ಕೇಳಿದ್ದೂ ಅದನ್ನೇ.

ಪುಸ್ತಕ ಕೊಳ್ಳುವುದನ್ನು ಬಿಟ್ಟೆನೆಂದು ಸುಳ್ಳು ಹೇಳಲಾರೆ. ಗ್ಯಾಸ್ಕೆಟ್ ತಂದ ದಿನವೂ ಚೀಲದಲ್ಲಿ ಜಲಾಂತರ್ಗಾಮಿಗಳ ಬಗ್ಗೆ ಒಂದಿತ್ತು. ಹೆಂಡತಿ ಎರಡನ್ನೂ ಹೊರತೆಗೆದು ನೋಡಿ, ಗ್ಯಾಸ್ಕೆಟ್ಟನ್ನು ಮಾತ್ರ ನನ್ನ ಕೈಗೆ ವಾಪಸು ಕೊಟ್ಟಳು. ನಮ್ಮ ಕುಕ್ಕರು ಮೂರು ಲೀಟರಿನದು. ನಮ್ಮಿಬ್ಬರಿಗೆ ಸಾಕು, ಮಾವ ಬಂದ ದಿನ ಎರಡು ಸಲ ಇಡಬೇಕು.