ಸಂತೆ ಮೀಮಾಂಸೆ: ನಾಲ್ಕು ತಾಲ್ಲೂಕುಗಳ ಅಡುಗೆಮನೆ ಅರ್ಥಶಾಸ್ತ್ರ

ಸಂತೆಯಿಂದ ಮರಳಿದವನು ಕೈಚೀಲ ಇಳಿಸುವ ಮುನ್ನ ಮನೆಯವರೆದುರು ಘೋಷಿಸುವ ಮೊತ್ತಕ್ಕೆ ಉಳಿತಾಯವೆನ್ನುತ್ತಾರೆ. ನಾಣ್ಯವಾಗಿಯಾಗಲಿ ನೋಟಾಗಿಯಾಗಲಿ ಅದು ಯಾವ ಜೇಬಿನಲ್ಲೂ ಸಿಕ್ಕ ದಾಖಲೆಯಿಲ್ಲ. ಆದರೂ ಅದರ ಅಸ್ತಿತ್ವವನ್ನು ಯಾರೂ ಪ್ರಶ್ನಿಸಿಲ್ಲ. ಹಿರಿಯರು ತಿನ್ನೆನ್ನುವ, ಮಕ್ಕಳು ಒಲ್ಲೆನ್ನುವ ಪದಾರ್ಥಕ್ಕೆ ಆರೋಗ್ಯಕರ ಆಹಾರವೆಂದು ಹೆಸರು. ಈ ಎರಡೂ ಒಂದೇ ಚೀಲದಲ್ಲಿ ಕೂಡಿದಾಗ ಹುಟ್ಟುವ ಶಾಸ್ತ್ರವೇ ಕಿರಾಣಿ ಉಳಿತಾಯ ಶಾಸ್ತ್ರ. ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ಇದರ ಅಧ್ಯಯನ ಕ್ಷೇತ್ರ: ಬಡಗಲಿಗೆ ಭೀಮಾ, ತೆಂಕಲಿಗೆ ಕೃಷ್ಣಾ, ನಡುವೆ ಉಪ್ಪುನೀರಿನ ಡೋಣಿ. ಚಡಚಣ, ದೇವರ ಹಿಪ್ಪರಗಿ, ತಾಳಿಕೋಟಿ, ನಿಡಗುಂದಿ, ಕೊಲ್ಹಾರಗಳು ಈಗ ಪ್ರತ್ಯೇಕ ತಾಲ್ಲೂಕುಗಳಾಗಿವೆಯಾದರೂ ಇಲ್ಲಿ ಹಳೆಯ ಗಡಿಯನ್ನೇ ಅನುಸರಿಸಲಾಗಿದೆ. ಕೊತ್ತಂಬರಿ ಸಿವುಡಿನ ದರಕ್ಕೆ ಕಂದಾಯ ಇಲಾಖೆಯ ಅಧಿಸೂಚನೆ ಅನ್ವಯಿಸುವುದಿಲ್ಲ.

ಶಾಸ್ತ್ರದ ಪಾಶ್ಚಾತ್ಯ ಆಚಾರ್ಯ ಜರ್ಮನಿಯ ಅರ್ನ್ಸ್ಟ್ ಎಂಗೆಲ್. ಬೆಲ್ಜಿಯಂ ದೇಶದ ಕುಟುಂಬಗಳ ಖರ್ಚುಪಟ್ಟಿ ತಿರುವಿಹಾಕಿದ ಆತ, ಮನೆ ಬಡವಾದಷ್ಟೂ ಆದಾಯದಲ್ಲಿ ಹೊಟ್ಟೆಯ ಪಾಲು ಹೆಚ್ಚುತ್ತದೆ ಎಂದು 1857ರಲ್ಲಿ ಕಂಡುಹಿಡಿದ. ಎರೆ ಹೊಲದ ಯಾವ ಕೂಲಿಯೂ ಬುತ್ತಿ ಬಿಚ್ಚುತ್ತ ಹೇಳಬಹುದಾಗಿದ್ದ ಈ ಸಂಗತಿಗೆ ಅಂದಿನಿಂದ ಎಂಗೆಲ್ ನಿಯಮ ಎಂದು ಹೆಸರು. ಭಾರತ ಸರ್ಕಾರದ 2023–24ರ ಗೃಹಬಳಕೆ ವೆಚ್ಚ ಸಮೀಕ್ಷೆಯಂತೆ ಹಳ್ಳಿಯ ಮನೆಗಳ ಖರ್ಚಿನಲ್ಲಿ ಆಹಾರದ ಪಾಲು ಶೇ 47ರಷ್ಟು. ಆದರೆ ಎಂಗೆಲ್ ಕುಟುಂಬವನ್ನು ಒಂದೇ ಘಟಕವೆಂದು ಭಾವಿಸಿದ. ನಾಲ್ಕು ತಾಲ್ಲೂಕುಗಳಲ್ಲಿ ಅದು ಮೂರು: ದುಡ್ಡು ಕೊಡುವವರು, ಸಂತೆ ಮಾಡುವವರು, ಒಲೆ ಮುಂದೆ ಕೂಡುವವರು. ಮೊದಲ ಎರಡು ಹುದ್ದೆಗಳು ಆಗಾಗ ಕೈ ಬದಲಾಯಿಸುತ್ತವೆ. ಮೂರನೆಯದು ಕಾಯಂ.

ಇದೇ ಶಾಸ್ತ್ರಕ್ಕೆ ಸರ್ಕಾರಿ ಶಾಖೆಯೂ ಇತ್ತು. 1876–78ರ ಬರದಲ್ಲಿ ಈ ಸೀಮೆ ಮುಂಬೈ ಪ್ರಾಂತ್ಯದ ಕಲಾದಗಿ ಜಿಲ್ಲೆಗೆ ಸೇರಿತ್ತು. ಬರದ ಕಾಮಗಾರಿಯಲ್ಲಿ ಕಲ್ಲು ಒಡೆಯುವ ಆಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ, ಅಂದರೆ ಅರ್ಧ ಕಿಲೋಗಿಂತ ಕಡಿಮೆ, ಅದರ ಮೇಲೆ ಅಲ್ಪ ಕಾಸು ಸಾಕೆಂದು 1877ರಲ್ಲಿ ಸರ್ ರಿಚರ್ಡ್ ಟೆಂಪಲ್ ನಿರ್ಣಯಿಸಿದ. ಇಷ್ಟರಲ್ಲಿ ಜೀವ ನಿಲ್ಲದೆಂದು ಮದ್ರಾಸಿನ ನೈರ್ಮಲ್ಯ ಆಯುಕ್ತ ಡಾ. ಕಾರ್ನಿಶ್ ವಾದಿಸಿದ. ಮಿತವ್ಯಯ ಕಂಡುಹಿಡಿದವನು ಅದೇ ವರ್ಷ ಮುಂಬೈ ಪ್ರಾಂತ್ಯದ ಗವರ್ನರನಾದ. ಆ ಪದ್ಧತಿಯಲ್ಲಿ ಖರ್ಚು ಇಳಿಯಿತು, ಉಣ್ಣುವವರ ಸಂಖ್ಯೆಯೂ ಇಳಿಯಿತು. ಕಡತದ ಮಟ್ಟಿಗೆ ಎರಡೂ ಉಳಿತಾಯವೇ. ಖಾಸಗಿ ಶಾಖೆ ಇಷ್ಟು ಪರಿಣಾಮಕಾರಿಯಲ್ಲ. ಮುಂದಿನ ವಿವೇಚನೆ ಅದಕ್ಕಷ್ಟೇ ಸೀಮಿತ.

ಖಾಸಗಿ ಶಾಖೆಯ ಮೂಲದ್ರವ್ಯ ಬಿಳಿಜೋಳ. ಎರೆ ಭೂಮಿ ಹಿಡಿದಿಟ್ಟ ಹಸಿಯಲ್ಲೇ ಹಿಂಗಾರಿನಲ್ಲಿ ಬೆಳೆಯುವ ಮಾಲದಂಡಿ ಇಲ್ಲಿನ ರಾಜತಳಿ. ನೆರೆಯ ಸೊಲ್ಲಾಪುರ ಜಿಲ್ಲೆಯ ಮೋಹೋಳದಲ್ಲಿ ಆಯ್ದು ಬೆಳೆಸಿದ ಎಂ 35-1 ಎಂಬ ಆಯ್ಕೆ ಇವತ್ತಿಗೂ ಹೊಲ ಬಿಟ್ಟು ಕದಲಿಲ್ಲ. ನೂರು ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ಪ್ರೋಟೀನು, ಹೆಚ್ಚುಕಡಿಮೆ ಅಷ್ಟೇ ನಾರು. ಲೈಸೀನ್ ಎಂಬ ಅಮೈನೋ ಆಮ್ಲ ಮಾತ್ರ ಕಡಿಮೆ. ಆ ಕೊರತೆಯನ್ನು ಮಡಕಿ, ಹೆಸರು, ಅಲಸಂದಿ ಕಾಳುಗಳು ತುಂಬುತ್ತವೆ. ರೊಟ್ಟಿಯ ಮೇಲೆ ಕಾಳುಪಲ್ಯ ಹಾಕುವ ಅವ್ವನಿಗೆ ಅಮೈನೋ ಆಮ್ಲದ ಪರಿಚಯವಿಲ್ಲ. ಅಮೈನೋ ಆಮ್ಲಕ್ಕೂ ಅದರಿಂದ ಬೇಸರವಾದ ಲಕ್ಷಣವಿಲ್ಲ.

2025–26ರ ಸಾಲಿಗೆ ಕೇಂದ್ರ ಸರ್ಕಾರ ಮಾಲದಂಡಿ ಜೋಳಕ್ಕೆ ಘೋಷಿಸಿದ ಬೆಂಬಲ ಬೆಲೆ ಕ್ವಿಂಟಲಿಗೆ 3,749 ರೂಪಾಯಿ, ಕಿಲೋಗೆ ಮೂವತ್ತೇಳೂವರೆ. ವಿಶ್ವಸಂಸ್ಥೆ 2023ನ್ನು ಅಂತರರಾಷ್ಟ್ರೀಯ ಕಿರುಧಾನ್ಯ ವರ್ಷವೆಂದು ಸಾರಿದ ಮೇಲೆ ಇದೇ ಜೋಳ ಬೆಂಗಳೂರಿಗೆ ಹೋಗಿ, ಹುರಿದು, ಮಸಾಲೆ ಸವರಿಸಿಕೊಂಡು, ಗಾಳಿ ತುಂಬಿದ ಪೊಟ್ಟಣದೊಳಗೆ ಕುಳಿತು ವಿಜಯಪುರದ ಮಾಲಿಗೆ ಮರಳುತ್ತಿದೆ. ಇದರಿಂದ ಶಾಸ್ತ್ರದ ಪ್ರಥಮ ಪ್ರಮೇಯ ಸಿದ್ಧಿಸುತ್ತದೆ: ಧಾನ್ಯದ ಬೆಲೆಯು ಅದು ತನ್ನ ಹೊಲದಿಂದ ಸುತ್ತಿದ ದೂರಕ್ಕೂ ಪೊಟ್ಟಣದ ಮೇಲಿನ ಇಂಗ್ಲಿಷ್ ಅಕ್ಷರಗಳ ಸಂಖ್ಯೆಗೂ ಸಮಾನುಪಾತದಲ್ಲಿರುತ್ತದೆ. ಇಂಡಿಯ ರೈತ ತನ್ನ ಜೋಳವನ್ನು ತಾನೇ ತಿಂದರೆ ಅದು ಹಳ್ಳಿ ಊಟ. ಅವನ ಮಗ ಎಂಜಿನಿಯರನಾಗಿ ಅದನ್ನೇ ಕೊಂಡು ತಿಂದರೆ ಪಥ್ಯ.

ಬೆಲೆ ನಿಷ್ಕರ್ಷೆಯ ಗಣಿತಕ್ಕೆ ಬಂದರೆ, ಭಾಸ್ಕರಾಚಾರ್ಯನ ಲೀಲಾವತಿಯನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. 1150ರ ಸುಮಾರಿನ ಈ ಗ್ರಂಥದ ಕರ್ತೃ ತನ್ನ ಊರು ವಿಜ್ಜಡವಿಡ ಎಂದು ಹೇಳಿಕೊಂಡಿದ್ದಾನೆ. ಅದು ವಿಜಯಪುರವೇ ಎಂಬ ವಾದ ಈ ಭಾಗದಲ್ಲಿ ಪ್ರಿಯ, ಮಹಾರಾಷ್ಟ್ರದ ಚಾಳೀಸಗಾಂವ ಕಡೆಯ ವಿದ್ವಾಂಸರಿಗೆ ಅಷ್ಟೇ ಅಪ್ರಿಯ. ಲೀಲಾವತಿಯ ತ್ರೈರಾಶಿಕದಂತೆ ಒಂದು ಸಿವುಡಿಗೆ ಹತ್ತು ರೂಪಾಯಿಯಾದರೆ ಮೂರಕ್ಕೆ ಮೂವತ್ತು. ಸಿಂದಗಿಯ ಸಂತೆಯಲ್ಲಿ ನಡೆಯುವುದು ಹೀಗೆ:

“ಮೆಂತ್ಯಾ ಹೆಂಗವ್ವಾ?”

“ಹತ್ತಕ್ಕೊಂದು ಸಿವುಡು ರೀ ಅಕ್ಕಾರ.”

“ಅತ್ಲಾಗ ಇಪ್ಪತ್ತಕ್ಕ ಮೂರು ಕೊಡಾಕತ್ತಾರ.”

“ಹಂಗಾರ ಅತ್ಲಾಗೇ ತೊಗೋರಿ.”

ಅಕ್ಕಾರು ಎರಡು ಹೆಜ್ಜೆ ನಡೆಯುತ್ತಾರೆ. ಮೂರನೆಯ ಹೆಜ್ಜೆ ಇಡುವ ಮೊದಲೇ ಹಿಂದಿನಿಂದ “ಬರ್ರಿ, ಬರ್ರಿ, ಬೋಣಗಿ ಹೊತ್ತಿನ್ಯಾಗ ಹಿಂಗ ಹೋಗಬ್ಯಾಡ್ರಿ” ಎಂಬ ಕರೆ ಬರುತ್ತದೆ. ಆಗ ಹೊತ್ತು ಮಧ್ಯಾಹ್ನ ಮೂರು ಗಂಟೆ. ಬೋಣಿ ಆಗಿ ಆರು ತಾಸಾಗಿರುತ್ತದೆ. ಅತ್ತಲಾಗಿನ ಇಪ್ಪತ್ತಕ್ಕೆ ಮೂರು ಕೊಡುವ ಅಂಗಡಿಯೂ ಈ ಬೋಣಿಯೂ ಒಂದೇ ಜಾತಿಯ ಸತ್ಯಗಳು. ಎರಡೂ ಕಡೆಯವರಿಗೆ ಇದು ಗೊತ್ತಿರುವುದರಿಂದ ಯಾರಿಗೂ ಮೋಸವಾಗುವುದಿಲ್ಲ. ಭಾಸ್ಕರಾಚಾರ್ಯ ಇಲ್ಲಿಯವನೇ ಆಗಿದ್ದ ಪಕ್ಷದಲ್ಲಿ, ಆತ ತರಕಾರಿಗೆ ತಾನು ಹೋಗುತ್ತಿರಲಿಲ್ಲವೆಂದು ಊಹಿಸಲು ಆಧಾರವಿದೆ.

ವ್ಯವಹಾರ ಮುಗಿದ ಮೇಲೆ ಚೀಲಕ್ಕೆ ಬೀಳುವುದು ಕೊಸರು: ಒಂದು ಎಸಳು ಕರಿಬೇವು, ನಾಲ್ಕು ಹಸಿಮೆಣಸಿನಕಾಯಿ, ಕೈತುಂಬ ಅಲ್ಲದಿದ್ದರೂ ಬೆರಳುತುಂಬ ಕೊತ್ತಂಬರಿ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಆರೋಗ್ಯಕರ ಊಟಕ್ಕೆ ಪ್ರತಿ ದೇಶದಲ್ಲಿ ದಿನಕ್ಕೆ ತಲೆಗೆ ಎಷ್ಟು ಡಾಲರ್ ಬೇಕೆಂದು ವರದಿಗಳಲ್ಲಿ ಲೆಕ್ಕ ಹಾಕುತ್ತದೆ. ಆ ಲೆಕ್ಕದಲ್ಲಿ ಕೊಸರಿಗೆ ಜಾಗವಿಲ್ಲ. ಒಗ್ಗರಣೆಯ ಅರ್ಧ ಭಾಗ ಬಿಟ್ಟಿಯಾಗಿ ಬರುವ ಪ್ರದೇಶವನ್ನು ಡಾಲರಿನಲ್ಲಿ ಅಳೆಯುವುದು ವೈಜ್ಞಾನಿಕವಾಗಿ ಎಷ್ಟು ಸರಿ ಎಂಬ ಪ್ರಶ್ನೆ ಆ ಸಂಸ್ಥೆಯ ಕಚೇರಿಯಿರುವ ರೋಮಿಗೆ ಇನ್ನೂ ತಲುಪಿದಂತಿಲ್ಲ. ಕೊಸರಿಗೂ ಮಿತಿಯಿದೆ. ಉಳ್ಳಾಗಡ್ಡಿ ಕೊಂಡು ಟೊಮೆಟೊ ಕೊಸರು ಕೇಳುವುದು ಅಶಾಸ್ತ್ರೀಯ. ಅಂಥವರ ಮುಖವನ್ನು ಮಾರುವವರು ವರ್ಷಗಟ್ಟಲೆ ನೆನಪಿಡುತ್ತಾರೆ. ತೂಕಮಾಡಿ ಅಂಟು ಚೀಟಿ ಹಚ್ಚುವ ಹವಾನಿಯಂತ್ರಿತ ಅಂಗಡಿಗಳಲ್ಲಿ ಕೊಸರು ಸಂಪೂರ್ಣ ಅಳಿದಿದೆ. ಅದರ ಬದಲಿಗೆ ನೂರಕ್ಕೆ ಒಂದು ರೂಪಾಯಿ ಕಡಿಮೆಮಾಡಿ ತೊಂಬತ್ತೊಂಬತ್ತು ಎಂದು ಬರೆಯುತ್ತಾರೆ.

ಕಾಲದ ವಿಚಾರ ಇನ್ನೂ ಸೂಕ್ಷ್ಮ. ಹೊತ್ತು ಇಳಿದಂತೆ ಸೊಪ್ಪು ಬಾಡುತ್ತದೆ, ದರವೂ ಬಾಡುತ್ತದೆ. ಕೊಳ್ಳುವವರು ದರ ಇನ್ನೂ ಬೀಳಲೆಂದು ಕಾಯುತ್ತಾರೆ, ಮಾರುವವರು ಕೊಳ್ಳುವವರ ಸಹನೆ ಬೀಳಲೆಂದು ಕಾಯುತ್ತಾರೆ. ಈ ದ್ವಂದ್ವಯುದ್ಧವನ್ನು ಹಿಂದಿನಿಂದಲೂ ತೀರ್ಮಾನಿಸುತ್ತ ಬಂದದ್ದು ಊರಿನ ಕೊನೆಯ ಬಸ್ಸು. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಯಾಗಿ ಮಹಿಳೆಯರ ಕೈಗೆ ಶೂನ್ಯ ದರದ ಟಿಕೇಟು ಬಂದ ಮೇಲೆ ಸಮೀಕರಣ ಬದಲಾಯಿತು. (ಜಿಲ್ಲೆ ಕಲ್ಯಾಣ ಕರ್ನಾಟಕಕ್ಕೆ ಸೇರಿಲ್ಲ, ಬಸ್ಸು ಮಾತ್ರ ಕಲ್ಯಾಣ ಕರ್ನಾಟಕ ಸಾರಿಗೆ ನಿಗಮದ್ದು. ಇದಕ್ಕೆ ಶಾಸ್ತ್ರದಲ್ಲಿ ಪರಿಹಾರವಿಲ್ಲ.) ಮೊದಲು ನಾಲತವಾಡದಿಂದ ಮುದ್ದೇಬಿಹಾಳಕ್ಕೆ ಹೋಗಿಬರುವ ಖರ್ಚನ್ನು ಬದನಿಕಾಯಿಯ ಮೇಲೆ ಹಂಚಬೇಕಿತ್ತು. ಈಗ ಹಂಚಲು ಏನೂ ಇಲ್ಲದ್ದರಿಂದ ಎರಡು ರೂಪಾಯಿ ಅಗ್ಗದ ಟೊಮೆಟೊಗಾಗಿ ಇನ್ನೊಂದು ಊರಿನ ಸಂತೆಗೆ ಹೋಗುವುದೂ ಲಾಭದಾಯಕ. ಗಂಡಸರು ಈಗಲೂ ಟಿಕೇಟಿಗೆ ದುಡ್ಡು ಕೊಡಬೇಕು. ಆದ್ದರಿಂದ ಗಂಡಸು ಮಾಡುವ ಉಳಿತಾಯ ಬಸ್ಸಿನ ಮೆಟ್ಟಿಲಲ್ಲೇ ಋಣಾತ್ಮಕವಾಗಿ ಆರಂಭವಾಗುತ್ತದೆ.

ಅದು ಮತ್ತಷ್ಟು ಆಳಕ್ಕಿಳಿಯುವುದು ಸಂತೆಯ ಅಂಚಿನ ಬಾಣಲೆಯ ಬಳಿ. ಚೌಕಾಸಿಯಲ್ಲಿ ಉಳಿದ ಮೊತ್ತವು ಮಿರ್ಚಿ ಭಜಿ, ಚುರುಮುರಿ ಮತ್ತು ಚಹಾದ ಒಟ್ಟು ಬೆಲೆಗೆ ಯಾವಾಗಲೂ ಸಮವಾಗಿರುತ್ತದೆ. ಗೆಳೆಯ ಸಿಕ್ಕರೆ ಎರಡನೆಯದೇ ಹೆಚ್ಚು. ಇದು ಶಾಸ್ತ್ರದ ದ್ವಿತೀಯ ಪ್ರಮೇಯ. ಇದನ್ನು ನಾಲ್ಕು ತಾಲ್ಲೂಕುಗಳ ಅಪವಾದವೆಂದು ತಳ್ಳಿಹಾಕುವಂತಿಲ್ಲ. ಮೇಲೆ ಹೇಳಿದ ಸಮೀಕ್ಷೆಯೇ ಗ್ರಾಮೀಣ ಭಾರತದ ಮನೆಖರ್ಚಿನಲ್ಲಿ ಪಾನೀಯ, ಉಪಾಹಾರ ಮತ್ತು ಸಿದ್ಧ ತಿಂಡಿಗಳಿಗೆ ಶೇ 9.84 ಹೋಗುತ್ತದೆಂದೂ ತರಕಾರಿಗೆ ಶೇ 6ರಷ್ಟು ಮಾತ್ರವೆಂದೂ ದಾಖಲಿಸಿದೆ. ಭಜಿಯೊಳಗಿನ ಮೆಣಸಿನಕಾಯಿಯನ್ನು ತರಕಾರಿಗೆ ಜಮಾ ಮಾಡಬೇಕೆಂದು ವಾದಿಸುವ ಒಂದು ಪಂಥವಿದೆ. ಅದರ ಅನುಯಾಯಿಗಳೆಲ್ಲ ಗಂಡಸರು.

ಸಂಗ್ರಹಶಾಸ್ತ್ರದಲ್ಲಿ ಇಂಡಿಗೆ ಅಗ್ರಸ್ಥಾನ. ಅಲ್ಲಿನ ಲಿಂಬೆಗೆ ಭೌಗೋಳಿಕ ಸೂಚಕ ಮಾನ್ಯತೆಯಿದೆ, ರಾಜ್ಯ ಲಿಂಬೆ ಅಭಿವೃದ್ಧಿ ಮಂಡಳಿಯೂ ಅದೇ ಊರಲ್ಲಿದೆ. 2025ರಲ್ಲಿ ಹಣ್ಣು ಅರಬ್ ಸಂಯುಕ್ತ ಸಂಸ್ಥಾನಕ್ಕೂ ರಫ್ತಾಯಿತು. ಬೇಸಿಗೆಯಲ್ಲಿ ಬೆಲೆ ಏರಿ, ಮಳೆಗಾಲದಲ್ಲಿ ಚೀಲದ ಖರ್ಚೂ ಹುಟ್ಟದಷ್ಟು ಇಳಿಯುವುದು ಲಿಂಬೆಯ ಸ್ವಭಾವ. ಇಳಿದಾಗ ಕೊಂಡು ಉಪ್ಪಿನಲ್ಲಿಡುವವಳು ಏರಿದಾಗ ನಗುತ್ತಾಳೆ. ಷೇರುಪೇಟೆಯ ಪಂಡಿತರು ಇದನ್ನೇ ಪುಸ್ತಕ ಬರೆದು ಮಾರುತ್ತಾರೆ. ಹಿಂಡಿಗಳದ್ದೂ ಇದೇ ನೀತಿ. ಶೇಂಗಾ, ಗುರೆಳ್ಳು, ಅಗಸಿ ಮೂರನ್ನೂ ಹುರಿದು ಕುಟ್ಟಿಟ್ಟರೆ ತರಕಾರಿ ದುಬಾರಿಯಾದ ವಾರ ಸುರಕ್ಷಿತವಾಗಿ ದಾಟುತ್ತದೆ. ಅಗಸಿಯಲ್ಲಿರುವ ಒಮೆಗಾ-3 ಕೊಬ್ಬಿಗಾಗಿ ನಗರದವರು ಮಾತ್ರೆ ನುಂಗುತ್ತಾರೆ. ಇಲ್ಲಿ ಅದಕ್ಕೆ ಬಳ್ಳೊಳ್ಳಿ, ಖಾರ ಹಾಕಿ ಮೇಲೆ ಎಣ್ಣೆ ಬಿಡುತ್ತಾರೆ.

ಕೊಲ್ಹಾರದ ಮೊಸರಿನ ಬಗ್ಗೆ ಎರಡು ಮಾತು ಸಾಕು. ಗಡಿಗೆಯನ್ನು ಬೋರಲು ಹಿಡಿದರೂ ಅದು ಕೆಳಗೆ ಬೀಳದೆಂಬುದು ಕೃಷ್ಣೆಯ ದಂಡೆಯ ಆ ಊರಿನವರ ಹೆಮ್ಮೆ. ಉಳಿತಾಯ ಶಾಸ್ತ್ರಕ್ಕೆ ಬೇಕಾದ ಪರೀಕ್ಷೆ ಬೇರೆ: ಎಷ್ಟು ತಂಬಿಗೆ ನೀರು ಹಾಕಿದ ಮೇಲೂ ಅದನ್ನು ಮಜ್ಜಿಗೆ ಎನ್ನಬಹುದು?

ಲೆಕ್ಕಪತ್ರದ ವಿಷಯದಲ್ಲಿ ಬಸವನ ಬಾಗೇವಾಡಿಗೆ ಐತಿಹಾಸಿಕ ಮಹತ್ವವಿದೆ. ಹನ್ನೆರಡನೆಯ ಶತಮಾನದಲ್ಲಿ ಬಿಜ್ಜಳನ ಭಂಡಾರ ನೋಡಿಕೊಂಡ ಬಸವಣ್ಣ ಈ ಸೀಮೆಯವನು. ಭಂಡಾರದ ಹಣ ಜಂಗಮರ ಪಾಲಾಗುತ್ತಿದೆ ಎಂಬ ದೂರು ಬಂದು, ಎಣಿಸಿ ನೋಡಿದಾಗ ಒಂದು ಹೊನ್ನೂ ಕಡಿಮೆಯಿರಲಿಲ್ಲವೆಂದು ಪುರಾಣಗಳು ಹೇಳುತ್ತವೆ. ಅಂಥ ತಪಾಸಣೆಯಲ್ಲಿ ಗೆದ್ದ ಮನೆಖರ್ಚಿನ ವಹಿ ತಾಲ್ಲೂಕಿನಲ್ಲಿ ಆಮೇಲೆ ಕಂಡಿಲ್ಲ. ಕಾರಣ ದಾಸೋಹವೇ. ಐದು ಬಾಯಿಗೆ ಅಳೆದು ತಂದ ಕಿರಾಣಿ, ಹೊಸ್ತಿಲಲ್ಲಿ ನಿಂತ ಆರನೆಯ ಮನುಷ್ಯನಿಗೆ “ಉಂಡು ಹೋಗ್ರಿ” ಎಂದ ಕ್ಷಣ ತಪ್ಪುತ್ತದೆ. ಹಾಗೆನ್ನದೆ ಇರುವುದು ಈ ಭಾಗದಲ್ಲಿ ಸಾಧ್ಯವಿಲ್ಲ. ಏಳನೆಯವನು ಬೀಗರ ಪೈಕಿಯಾದರೆ ತುಪ್ಪವೂ ಇಳಿಯುತ್ತದೆ. ಇಂಥ ಆಪತ್ತಿಗೆಂದೇ ಗೂಡೆಯಲ್ಲಿ ಖಡಕ್ ರೊಟ್ಟಿಯ ಥಪ್ಪಿ ಇಡುತ್ತಾರೆ. ವಾರಗಟ್ಟಲೆ ಕೆಡದ ಈ ರೊಟ್ಟಿ ಮುರಿದರೆ ಸದ್ದು ಮಾಡುತ್ತದೆ, ಉದ್ರಿ ಅಂಗಡಿಯವನಂತೆ ಬಾಕಿ ಕೇಳುವುದಿಲ್ಲ.

ಉಳಿದದ್ದರ ವಿಲೇವಾರಿ ಶಾಸ್ತ್ರದ ಕೊನೆಯ ಅಂಗ. ಮಿಕ್ಕ ರೊಟ್ಟಿ ಪುಡಿಯಾಗಿ ಒಗ್ಗರಣೆ ಸೇರುತ್ತದೆ, ಜೋಳದ ನುಚ್ಚು ಮಜ್ಜಿಗೆ ಸೇರುತ್ತದೆ, ಮೂಲಂಗಿಯ ಎಲೆ ಪಲ್ಯಕ್ಕಾಗುತ್ತದೆ. ಏನೂ ಆಗದ್ದು ಎಮ್ಮೆಗೆ. ಎಮ್ಮೆಗೂ ಮೊದಲು ಒಂದು ಮೆಟ್ಟಿಲಿದೆ: ಬಡಿದು, ಬೇಯಿಸಿ, ಬಡಿಸಿದವಳು. ಎಲ್ಲರೂ ಎದ್ದ ಮೇಲೆ ಬುಟ್ಟಿಯ ತಳದಲ್ಲಿ ಇದ್ದಷ್ಟು ಅವಳ ಊಟ. ಲೆಕ್ಕಿಗರು ಜಮಾ-ಖರ್ಚು ಕೂಡದಿದ್ದಾಗ ವ್ಯತ್ಯಾಸವನ್ನು ಒಂದು ಕಡೆ ತಳ್ಳಿ ಸರಿದೂಗಿಸುತ್ತಾರೆ. ಕಿರಾಣಿ ಉಳಿತಾಯದಲ್ಲಿ ಆ ಕಡೆ ಎಂದರೆ ಇವಳ ತಾಟು. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ 47.8 ಮಂದಿಗೆ ರಕ್ತಹೀನತೆ ಕಂಡಿತು. ಅದೇ ಮನೆಗಳ ಉಳಿತಾಯದ ಘೋಷಣೆಗಳು ಮಾತ್ರ ಯಾವ ವಾರವೂ ಕುಂದಿಲ್ಲ.

ನಸುಕಿನಲ್ಲಿ ಹಿಟ್ಟು ನಾದುವುದು, ಕಾಳಿನ ಕಲ್ಲು ಆರಿಸುವುದು, ಗಿರಣಿಯ ಸರತಿಯಲ್ಲಿ ನಿಲ್ಲುವುದು, ಹಿಂಡಿ ಕುಟ್ಟುವುದು, ಇವಕ್ಕೆ ಕೂಲಿ ಕಟ್ಟಿ ಹಂಚಿದರೆ ರೊಟ್ಟಿಯ ಬೆಲೆ ಬೆಂಗಳೂರಿನ ಪೊಟ್ಟಣದ ಹತ್ತಿರ ಬರುತ್ತದೆ ಎಂಬ ಆಕ್ಷೇಪವೊಂದಿದೆ. ಆಗ ಪ್ರಥಮ ಪ್ರಮೇಯವನ್ನೇ ತಿದ್ದಬೇಕಾಗುತ್ತದೆ. ವಹಿಯಲ್ಲಿ ಜಮಾ, ಖರ್ಚುಗಳ ಪಕ್ಕ ಇದಕ್ಕೊಂದು ಮೂರನೆಯ ಕಾಲಮು ಎಳೆಯಲು ಅಂಚಿನಲ್ಲಿ ಜಾಗವೂ ಇದೆ. ಸದ್ಯಕ್ಕೆ ಅಲ್ಲಿ ಚಹಾದಂಗಡಿಯ ಉದ್ರಿ ಬರೆದಿಟ್ಟಿರುವುದರಿಂದ, ಅದು ತೀರುವವರೆಗೆ ತಿದ್ದುಪಡಿಯನ್ನು ಮುಂದೂಡಲಾಗಿದೆ.