ಶಾಕಬೀಜಮೀಮಾಂಸೆ: ಪ್ರಥಮ ಪರಿಚ್ಛೇದ

ಪುಷ್ಪೋದ್ಗಮಕ್ಕೆ ಪೂರ್ವದಲ್ಲಿ ಭಕ್ಷಣಾರ್ಹವಾದದ್ದು ಶಾಕ. ಪುಷ್ಪೋದ್ಗಮದ ಅನಂತರವೇ ಲಭ್ಯವಾಗುವುದು ಬೀಜ. ಆದ್ದರಿಂದ ಸೊಪ್ಪಿನ ಬೀಜವೆಂಬುದು ಅಭಕ್ಷಣದ ಫಲ. ಅಭಕ್ಷಣವನ್ನು ಕ್ರಮವಾಗಿ ವಿವೇಚಿಸುವ ಶಾಸ್ತ್ರ ಇಲ್ಲದ ಕಾರಣ, ದಾವಣಗೆರೆಯ ನಮ್ಮ ಹಿತ್ತಲಿನ ಒಂದು ಮಡಿಯನ್ನು ಪ್ರಮಾಣವಾಗಿಟ್ಟು ಅದನ್ನು ಇಲ್ಲಿ ಪ್ರತಿಷ್ಠಾಪಿಸಿದ್ದೇನೆ.

1. ಬೀಜಾಭಾಸ. ಕೊತ್ತಂಬರಿ ಕಾಳು ಬೀಜವಲ್ಲ, ಫಲ, ಒಳಗೆ ಬೀಜಗಳೆರಡು. ಬಿತ್ತುವ ಮುನ್ನ ಉಜ್ಜಿ ಹೋಳು ಮಾಡುವುದು ಇದಕ್ಕಾಗಿಯೇ. ಇದು ದ್ವಿಗರ್ಭ. ಪಾಲಕ್‌ನದು ಬೀಜಗಳ ಗಂಟು; ಒಂದನ್ನು ಊರಿದಲ್ಲಿ ಎರಡು ಮೂರು ಮೊಳಕೆ ಏಳುವುದುಂಟು. ಇದು ಬಹುಗರ್ಭ. ದಂಟಿನದು ಏಕಗರ್ಭ, ತೆನೆ ಪೂರ್ತಿ ಒಣಗುವವರೆಗೆ ಕಾದರೆ ತಾನೇ ನೆಲಕ್ಕುದುರುವುದರಿಂದ ಸ್ವಯಂತ್ಯಾಗಿ. ಮೆಂತ್ಯದಲ್ಲಿ ವಿವಾದವಿಲ್ಲ.

2. ಮಾತೃಸಸ್ಯ. ಇದು ತ್ರಿವಿಧ.

(ಅ) ವಿಸ್ಮೃತ: ಮನೆಯವರು ಊರಿಗೆ ಹೋದಾಗ ಕೊಯ್ಯದೆ ಉಳಿದದ್ದು. ಇದರಲ್ಲಿ ಗುಣಪರೀಕ್ಷೆ ನಡೆದಿಲ್ಲವಾದ್ದರಿಂದ ಅಪ್ರಮಾಣ.

(ಆ) ತ್ವರಿತ: ಎಲ್ಲಕ್ಕಿಂತ ಮೊದಲು ತೆನೆ ಎತ್ತಿದ್ದು. ಎಲೆ ಒರಟಾಗಿ ಸಾರಿಗೆ ಬಾರದ್ದರಿಂದ ಗೃಹಸ್ಥರು ಇದನ್ನೇ ಬೀಜಕ್ಕೆ ಬಿಡುತ್ತಾರೆ. ಪ್ರತಿ ತಲೆಮಾರಿನಲ್ಲಿಯೂ ಹೀಗೆಯೇ ಆಯ್ದರೆ ತೆನೆ ಬೇಗ ಬೇಗ ಬಂದು ಎಲೆಯ ಕಾಲ ಮೊಟಕಾಗುತ್ತದೆ. ಈ ಕ್ರಮದ ಪರಮಾವಧಿಯೇ ನಿಷ್ಪರ್ಣಶಾಕ, ಅಂದರೆ ಎಲೆಯೇ ಇಲ್ಲದ ಸೊಪ್ಪು. ಅದನ್ನು ಸಾಧಿಸಿದವರನ್ನು ನಾನು ಕಂಡಿಲ್ಲ. ಆ ದಾರಿಯಲ್ಲಿರುವವರು ನಮ್ಮ ಬೀದಿಯಲ್ಲೇ ಹಲವರು.

(ಇ) ವಿಲಂಬಿತ: ಸೊಂಪಾಗಿ ಎಲೆ ಕೊಟ್ಟು, ಕಡೆಯಲ್ಲಿ ತೆನೆ ಎತ್ತಿದ್ದು. ಮಾತೃತ್ವಕ್ಕೆ ಇದೇ ಅರ್ಹ. ಅಡುಗೆಮನೆಯೂ ಮೊದಲು ಬಯಸುವುದು ಇದನ್ನೇ ಆದ್ದರಿಂದ ಈ ವರ್ಗ ಸದಾ ಅಲ್ಪಸಂಖ್ಯಾತ.

3. ವಿವಿಕ್ತಿ. ದಂಟಿಗೂ ಪಾಲಕ್‌ಗೂ ಗಾಳಿಯೇ ಪರಾಗವಾಹಕ. ಪ್ರಮಾಣಿತ ಬೀಜಕ್ಕೆ ಬೇರೆ ತಳಿಯಿಂದ ದಂಟು 200 ಮೀಟರ್, ಪಾಲಕ್ 1000 ಮೀಟರ್ ದೂರವಿರತಕ್ಕದ್ದೆಂದು ನಿಯಮ. 200 ಮೀಟರ್ ತ್ರಿಜ್ಯದ ವೃತ್ತ ಸುಮಾರು 31 ಎಕರೆ. ರಸ್ತೆ, ಚರಂಡಿ ಕಳೆಯದೆ ಎಣಿಸಿದರೆ ಅದರಲ್ಲಿ 30×40 ಅಡಿಯ 1127 ನಿವೇಶನ. ಎಂದರೆ ಒಂದು ಮಡಿ ದಂಟಿಗೆ 1126 ನೆರೆಯವರ ಸಮ್ಮತಿ ಬೇಕು. ಈವರೆಗೆ ಮೂವರನ್ನು ಕೇಳಿದ್ದೇನೆ. ಪಾಲಕ್‌ಗಾದರೋ, ದಾವಣಗೆರೆಯಿಂದ ಹರಿಹರಕ್ಕೆ ಇರುವ ಸುಮಾರು 14 ಕಿಲೋಮೀಟರ್ ಹಾದಿಯಲ್ಲಿ, ಎರಡೂ ತುದಿ ಸೇರಿಸಿ, 15 ತಳಿಗಳಿಗಷ್ಟೇ ಅವಕಾಶ.

4. ಸಂಕರ. ಕೆಂಪು ದಂಟೂ ಹಸಿರು ದಂಟೂ ಕೂಡಿ ಹುಟ್ಟಿದ್ದನ್ನು ಹೂವಿಗೆ ಮುನ್ನವೇ ಕಿತ್ತೊಗೆಯತಕ್ಕದ್ದೆಂದು ದಾವಣಗೆರೆಯ ಪಕ್ಷ, ಅಂದರೆ ನನ್ನದು. ಇದಕ್ಕೆ ಪ್ರತಿಪಕ್ಷ ಹರಿಹರದ್ದು. ಅಲ್ಲಿ 1224ರ ಸುಮಾರಿಗೆ ಹೊಯ್ಸಳ ದಂಡನಾಯಕ ಪೋಲಾಳ್ವ ಕಟ್ಟಿಸಿದ ಗುಡಿಯಲ್ಲಿ ಅರ್ಧ ಹರಿ, ಅರ್ಧ ಹರನಾದ ಏಕಮೂರ್ತಿಗೇ ಪೂಜೆ. ಮಿಶ್ರರೂಪ ದೋಷವೆಂದು ಆ ಊರಿನವರ ಮುಂದೆ ವಾದಿಸುವುದು ಕಷ್ಟ. ಹರಿಹರದ ನಮ್ಮ ಬೀಗರು ನನ್ನ ಮಡಿಯಲ್ಲಿ ಕೆಂಪು ಕಾಂಡದ, ಹಸಿರೆಲೆಯ ಗಿಡವೊಂದನ್ನು ಕಂಡು ಕೈಮುಗಿದರು. ಅವರು ಹೊರಡುವವರೆಗೆ ಕೀಳುವುದು ಮರ್ಯಾದೆಯಲ್ಲ. ಅವರು ಬಂದು ಹತ್ತು ದಿನವಾಯಿತು. ಗಿಡ ತೆನೆ ಬಿಟ್ಟಿದೆ, ಗಾಳಿಯೂ ಹರಿಹರದ ಕಡೆಯಿಂದಲೇ ಬೀಸುತ್ತಿದೆ.